ಘಾಟಿ ಹತ್ತುವಾಗ ಮಾತ್ರ ನಿಲ್ಲುವ ಪದ್ಮಿನಿ: ವೇಪರ್ ಲಾಕ್ ಅಲ್ಲದಿದ್ದರೆ ಇನ್ನೇನು?

ಪದ್ಮಿನಿ_86
ನಮಸ್ಕಾರ. ನಮ್ಮ ಮನೆಯಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಇದೆ, ಅಪ್ಪನ ಕಾಲದ್ದು. ಉಜಿರೆ, ಬೆಳ್ತಂಗಡಿ ಸುತ್ತ ಓಡಾಡಲು ಏನೂ ತಕರಾರಿಲ್ಲ. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಆದರೆ ಚಾರ್ಮಾಡಿ ಘಾಟಿಯ ಅರ್ಧ ದಾರಿಗೆ ಬಂದರೆ ಮುಗ್ಗರಿಸಲು ಶುರು ಮಾಡುತ್ತದೆ. ಮೊದಲು ಎರಡು ಮೂರು ಜರ್ಕ್. ಆಮೇಲೆ ಎಷ್ಟು ತುಳಿದರೂ ಉಸಿರಿಲ್ಲ. ಕೊನೆಗೆ ಆಫ್. ಮಧ್ಯೆ ಮಧ್ಯೆ ಸೆಲ್ಫ್ ಹೊಡೆಯುತ್ತಾ ಇಪ್ಪತ್ತು ನಿಮಿಷ ಕೂತರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಡುತ್ತದೆ.

ಮೆಕ್ಯಾನಿಕ್ ‘ವೇಪರ್ ಲಾಕ್ ಸಾರ್, ಹಳೇ ಫಿಯೆಟ್ ಅಂದ್ರೆ ಅಷ್ಟೇ’ ಅಂದುಬಿಟ್ಟರು. ಅಂದರೆ ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಹರಿವು ಕಟ್ಟುವುದಂತೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. ಪ್ಲಗ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿದು ಜೋಡಿಸುವ ತುಂಡು) ಹೊಸದು. ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೇರುವುದಿಲ್ಲ. ಕಳೆದ ವಾರ ಮಳೆಯಲ್ಲಿ ಹತ್ತುವಾಗಲೂ ನಿಂತಿತು. ಮನೆಯವರು ಇನ್ನು ಇದರಲ್ಲಿ ಕೂರುವುದಿಲ್ಲ ಅಂದಿದ್ದಾರೆ.

ಹಳೇಚಕ್ರ
ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಒದ್ದೆ ಬಟ್ಟೆ ಸುತ್ತಿ. ನಾವು ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿರುವುದು. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಹಳೇ ಪಂಚೆ ಇದ್ದರೆ ಸಾಕು.

ಗ್ರೀಸ್‌ಕೈ
ಒದ್ದೆ ಬಟ್ಟೆ ಸುಳ್ಳಲ್ಲ. ಪೆಟ್ರೋಲಿನ ಹಗುರ ಭಾಗ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗತೊಡಗುತ್ತದೆ. ಪದ್ಮಿನಿಯ ಪಂಪ್ ಎಂಜಿನ್‌ಗೆ ಅಂಟಿಕೊಂಡೇ ಕೂತಿದೆ. ಬೇಸಿಗೆಯ ಟ್ರಾಫಿಕ್‌ನಲ್ಲಿ ಆವಿ ತುಂಬಿಕೊಂಡರೆ ಆಶ್ಚರ್ಯವಿಲ್ಲ. ಆದರೆ ನಿಮ್ಮದು ಮಳೆಯಲ್ಲೂ ನಿಂತಿದೆ, ಅಲ್ವಾ? ನನ್ನ ಅನುಮಾನ ಅಲ್ಲೇ. ಹಳೇ ಗಾಡಿ ಬಿಸಿಯಾಗಿ ನಿಂತರೆ ಎಲ್ಲದಕ್ಕೂ ವೇಪರ್ ಲಾಕ್ ಅನ್ನುವುದು ನಮ್ಮ ಗ್ಯಾರೇಜುಗಳ ಕಾಯಿಲೆ.

ಮುಂದಿನ ಸಲ ನಿಂತಾಗ ಇಪ್ಪತ್ತು ನಿಮಿಷ ಕಾಯಬೇಡಿ. ಮೊದಲ ಎರಡು ನಿಮಿಷದಲ್ಲೇ ನೋಡಬೇಕು. ಆರಿದ ಮೇಲೆ ಸಾಕ್ಷಿ ಸಿಗುವುದಿಲ್ಲ.

ಮೊದಲು ಸ್ಪಾರ್ಕ್. ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಸಿ. ನೀಲಿ ಕಿಡಿ ಚಟಚಟ ಅಂದರೆ ಸರಿ. ಹಳದಿಯಾಗಿ ಸೊರಗಿದ್ದರೆ ಕಿಡಿ ಹುಟ್ಟಿಸುವ ಭಾಗಗಳಾದ ಕಂಡೆನ್ಸರ್ ಅಥವಾ ಕಾಯಿಲ್ ಕೆಟ್ಟಿದೆ. ಇವೆರಡೂ ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಒಳ್ಳೆಯವರಾಗುತ್ತವೆ. ಪಾಯಿಂಟ್ ಬದಲಿಸುವಾಗ ಕಂಡೆನ್ಸರ್ ಹಳೆಯದನ್ನೇ ಬಿಡುವವರು ಜಾಸ್ತಿ, ಕೇಳಿ ನೋಡಿ. ಪಾಯಿಂಟ್ ಗ್ಯಾಪ್ 0.45 ಮಿ.ಮೀ. ಹತ್ತಿರ ಇರಬೇಕು.

ಕಿಡಿ ಸರಿ ಇದ್ದರೆ ಪ್ಲಗ್ ವಾಪಸ್ ಹಾಕಿ, ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಹುಸ್’ ಅಂತ ಗಾಳಿ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ ಎಂದರ್ಥ. ಒಂದು ಸೂಜಿಯಲ್ಲಿ ಮುಗಿಯುವ ಕೆಲಸ.

ಅದೂ ಅಲ್ಲದಿದ್ದರೆ ಮನೆಗೆ ಬಂದು, ಪಂಪಿಗಿಂತ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಹಾಕಿಸಿ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಎಂಜಿನ್ ಜೋರಾಗಿ ರೇಸ್ ಮಾಡಿದಾಗ ಅದರೊಳಗೆ ಗುಳ್ಳೆ ಬರುತ್ತಿದೆಯಾ ನೋಡಿ.

ಪದ್ಮಿನಿ_86
ನಿನ್ನೆ ಬೇಕೆಂದೇ ಘಾಟಿಗೆ ಹೋಗಿದ್ದೆ, ಒಬ್ಬನೇ. ಅದೇ ತಿರುವಿನ ಹತ್ತಿರ ನಿಂತಿತು. ಕಿಡಿ ನೀಲಿ. ಮುಚ್ಚಳ ತೆಗೆದರೆ ಸದ್ದೇ ಇಲ್ಲ. ಹೇಗೋ ಕೊಟ್ಟಿಗೆಹಾರ ತಲುಪಿ, ನೀರುದೋಸೆ ತಿಂದು ಇಳಿದೆ. ಇವತ್ತು ಫಿಲ್ಟರ್ ಹಾಕಿಸಿದೆ. ಐಡ್ಲಿಂಗ್‌ನಲ್ಲಿ ಏನಿಲ್ಲ. ರೇಸ್ ಮಾಡಿದರೆ ಸೋಡಾ ಬಾಟಲಿಯ ಹಾಗೆ ಗುಳ್ಳೆ! ಆದರೆ ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ, ವಾಸನೆಯೂ ಇಲ್ಲ.

ವೋಲ್ಟ್‌ಮಾಮ
ಸುಮ್ನೆ ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿಸಿ. ಈ ತಲೆನೋವೇ ಇರುವುದಿಲ್ಲ.

ಗ್ರೀಸ್‌ಕೈ
ವೋಲ್ಟ್‌ಮಾಮ, ದಯವಿಟ್ಟು ಈಗ ಬೇಡ. ಟ್ಯಾಂಕ್ ಹಿಂದಿದೆ, ಪಂಪ್ ಮುಂದಿದೆ. ನಡುವಿನ ಪೈಪಿನಲ್ಲಿ ಪೆಟ್ರೋಲನ್ನು ಹೀರಿಕೊಳ್ಳಬೇಕು. ಆ ಕಡೆ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಸೋರಿಕೆ ಕಾಣುತ್ತಿಲ್ಲ. ಎಳನೀರಿನ ಸ್ಟ್ರಾ ಸೀಳಿದ್ದರೆ ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಬರುತ್ತದಲ್ಲ, ಹಾಗೆ. ಈಗ ಹಿಂದೆ ಪಂಪ್ ಕೂರಿಸಿದರೆ ಅದು ತಳ್ಳುತ್ತದೆ. ಅದೇ ಬಿರುಕಿನಿಂದ ಪೆಟ್ರೋಲ್ ಚಿಮ್ಮಿ ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಗತಿ? ಮುಂದೆ ಎಂದಾದರೂ ಹಾಕಿಸುವುದಾದರೂ ಕಡಿಮೆ ಒತ್ತಡದ್ದೇ ಬೇಕು, 2ರಿಂದ 3 ಪಿಎಸ್‌ಐ. ಜಾಸ್ತಿಯಾದರೆ ಫ್ಲೋಟ್ ನೀಡಲ್ (ಕಾರ್ಬುರೇಟರ್ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ತಡೆಯದೆ ಕಾರ್ಬುರೇಟರ್ ಉಕ್ಕುತ್ತದೆ.

ಘಾಟಿಯಲ್ಲೇ ಯಾಕೆ ಅಂದರೆ, ಸಮತಟ್ಟಿನಲ್ಲಿ 1089 ಸಿಸಿ ಎಂಜಿನ್‌ಗೆ ಬೇಕಾಗುವುದು ಸ್ವಲ್ಪ ಪೆಟ್ರೋಲ್. ಗಾಳಿ ಸೇರಿದರೂ ಹೇಗೋ ಸಾಲುತ್ತದೆ. ಎರಡನೇ ಗೇರಿನಲ್ಲಿ ಪೂರ್ತಿ ತುಳಿದು ಹತ್ತುವಾಗ ಸಾಲುವುದಿಲ್ಲ. ಮೂತಿ ಮೇಲಾದ್ದರಿಂದ ಪಂಪ್ ಇನ್ನೂ ಎತ್ತರಕ್ಕೆ ಎಳೆಯಬೇಕು. ಕಾರ್ಬುರೇಟರ್ ಬಟ್ಟಲು ಖಾಲಿ. ನೀವು ನಿಲ್ಲಿಸಿ ಸೆಲ್ಫ್ ಹೊಡೆಯುತ್ತಿದ್ದಿರಲ್ಲ, ಅದರಲ್ಲೇ ಬಟ್ಟಲು ನಿಧಾನಕ್ಕೆ ತುಂಬುತ್ತಿತ್ತು.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟ್ಯಾಂಕಿನಿಂದ ಪಂಪಿನವರೆಗೆ ಇರುವ ಪ್ರತಿ ರಬ್ಬರ್ ತುಂಡನ್ನೂ ಕ್ಲಿಪ್ ಸಡಿಲಿಸಿ, ಬಗ್ಗಿಸಿ ನೋಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ.

ಪದ್ಮಿನಿ_86
ಸಿಕ್ಕಿತು! ಟ್ಯಾಂಕಿನ ಪಕ್ಕದ ಗೇಣುದ್ದದ ಹೋಸ್. ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಕ್ಲಿಪ್ ತೆಗೆದರೆ ಅಡಿಯಲ್ಲಿ ಸುತ್ತಲೂ ಸೀಳು. ಬಗ್ಗಿಸಿದರೆ ಒಣ ಕೊಬ್ಬರಿಯ ಹಾಗೆ ಮುರಿಯಿತು. ಮೂರು ವರ್ಷದ ಹಿಂದಷ್ಟೇ ಹಾಕಿಸಿದ್ದು, ಇಷ್ಟು ಬೇಗ ಯಾಕೆ?

ಗ್ರೀಸ್‌ಕೈ
ಪೆಟ್ರೋಲೇ ಬದಲಾಗಿದೆ ಮಾರಾಯ್ರೇ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಬಿಡುಗಡೆಯಾಗಿದ್ದು ನೆನಪಿರಬಹುದು. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಹಳೇ ಮಾದರಿಯ ರಬ್ಬರ್ ಅದಕ್ಕೆ ಊದಿಕೊಳ್ಳುತ್ತದೆ, ಗಡುಸಾಗುತ್ತದೆ, ಸೀಳುತ್ತದೆ. ಅಂಗಡಿಯಲ್ಲಿ ಬರೀ ‘ಪೆಟ್ರೋಲ್ ಹೋಸ್’ ಅನ್ನಬೇಡಿ. ಎಥೆನಾಲ್ ತಡೆಯುವ, ಫ್ಯುಯಲ್ ಇಂಜೆಕ್ಷನ್ ಗಾಡಿಗಳಿಗೆ ಹಾಕುವ ಹೋಸ್ ಕೇಳಿ. ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಕೂಡ ಹೊಸದು ಹಾಕಿ. ಬೆಂಗಳೂರಿಗೆ ಬಂದರೆ ಜೆ.ಸಿ. ರಸ್ತೆಯಲ್ಲಿ ಹುಡುಕಿ.

ಇನ್ನೊಂದು. ಎಥೆನಾಲ್ ನೀರು ಹೀರುತ್ತದೆ. ಟ್ಯಾಂಕ್ ಅರ್ಧ ಖಾಲಿ ಇಟ್ಟು ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿದರೆ ಅರ್ಧ ರೋಗ ಬರುವುದೇ ಇಲ್ಲ.

ಹಳೇಚಕ್ರ
ನನ್ನ ಪಂಚೆ ವಾಪಸ್ ತೆಗೆದುಕೊಂಡೆ. ಘಾಟಿ ಇಳಿಯುವಾಗ ಮಾತ್ರ ಹುಷಾರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ತುಳಿದು ತುಳಿದು ಬಿಸಿಯಾದರೆ ಹಿಡಿಯುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಪದ್ಮಿನಿ_86
ಹೊಸ ಹೋಸ್, ಡಯಾಫ್ರಮ್ ಹಾಕಿಸಿ ನಿನ್ನೆ ಮೂಡಿಗೆರೆವರೆಗೆ ಹೋಗಿ ಬಂದೆ. ಒಂದೂ ಜರ್ಕ್ ಇಲ್ಲ. ಫಿಲ್ಟರಿನಲ್ಲಿ ಒಂದೂ ಗುಳ್ಳೆ ಇಲ್ಲ. ಮನೆಯವರೂ ಕೂತಿದ್ದರು. ಈಗ ಎಂಜಿನ್ ಸದ್ದು ತೆಪ್ಪಗಿರುವುದರಿಂದ ಇನ್ನೊಂದು ಕೇಳಿಸುತ್ತಿದೆ. ತಿರುವಿನಲ್ಲಿ ಸ್ಟೀರಿಂಗ್ ಎಳೆದಾಗ ಮುಂದಿನ ಚಕ್ರದ ಹತ್ತಿರ ಕಿರ್ರ್ ಅನ್ನುತ್ತದೆ, ತಿರುಗಿಸುವುದೂ ಭಾರ.

ಗ್ರೀಸ್‌ಕೈ
ಕಿಂಗ್‌ಪಿನ್‌ಗೆ (ಮುಂದಿನ ಚಕ್ರ ತಿರುಗುವ ಗೂಟಕ್ಕೆ) ಗ್ರೀಸ್ ಹೊಡೆಸಿ ಎಷ್ಟು ವರ್ಷ ಆಯಿತು?