ಡಿ ಡ್ರೈವಿನಲ್ಲಿ ತಾಳಮದ್ದಳೆ

"ಡಿಯಲ್ಲಿ ಜಾಗ ಇಲ್ಲವಂತೆ ಮಾರಾಯ್ರೆ," ಎನ್ನುತ್ತಾ ಭಟ್ರು ಲ್ಯಾಪ್‌ಟಾಪನ್ನು ಅಡಕೆ ಗೋಣಿಯ ಮೇಲೆ ಇಟ್ಟರು. ಆಟಿ ತಿಂಗಳ ಮಳೆ. ಕಾಸರಗೋಡಿನ ನಮ್ಮ ಬದಿಯಡ್ಕದಲ್ಲಿ ಅಂಥ ಮಳೆ ಹಿಡಿದರೆ ತೋಟಕ್ಕೆ ಮದ್ದು ಬಿಡಲೂ ಆಗುವುದಿಲ್ಲ, ಪೇಟೆಗೆ ಬಂದವರಿಗೆ ವಾಪಸ್ ಹೋಗಲೂ ಆಗುವುದಿಲ್ಲ. ಶೆಟ್ರ ಅಂಗಡಿಯ ಜಗಲಿಯಲ್ಲಿ ನಾವೆಲ್ಲ ಸೇರಿದ್ದು ಹಾಗೆ.

ರೈಗಳು ಬಗ್ಗಿ ನೋಡಿದರು. ಸಿ ಡ್ರೈವಿನ ಪಟ್ಟಿ ಅರ್ಧ ನೀಲಿ. ಡಿಯದ್ದು ತುದಿಯವರೆಗೂ ಕೆಂಪು.

"ಇದು ವೈರಸ್ಸೇ," ಎಂದರು ರೈಗಳು. ಅವರಿಗೆ ಫ್ಯಾನ್ ತಿರುಗದಿದ್ದರೂ ವೈರಸ್ಸೇ.

"ನಮ್ಮ ಕೇರಳದಲ್ಲಿ ಕೆಂಪು ಜಾಸ್ತಿ ಕಂಡರೆ ಎಲೆಕ್ಷನ್ ಬಂತು ಅಂತ," ಎಂದರು ಶೆಟ್ರು, ತಕ್ಕಡಿಯಿಂದ ಕಣ್ಣು ತೆಗೆಯದೆ.

ಕನ್ನಡಕ ಏರಿಸಿ ಡ್ರೈವಿನ ಹೆಸರು ಓದಿದವರು ಮಾಷ್ಟ್ರು ಒಬ್ಬರೇ. "ಇಲ್ಲಿ ರಿಕವರಿ ಅಂತ ಬರೆದಿದೆಯಲ್ಲ ಭಟ್ರೇ! ಇದು ರಿಕವರಿ ಪಾರ್ಟಿಷನ್, ವಿಂಡೋಸ್ ಕೆಟ್ಟರೆ ಸರಿಮಾಡಲಿಕ್ಕೆ ಅಂತ ಡಿಸ್ಕಿನಲ್ಲಿ ಬೇರೆ ಇಟ್ಟ ಪಾಲು. ಇದರಲ್ಲಿ ಏನು ತುಂಬಿಸಿದ್ದೀರಿ?"

"ತಾಳಮದ್ದಳೆ," ಎಂದರು ಭಟ್ರು.

ಪೂರ್ತಿ ಸುಳ್ಳಲ್ಲ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲಿ ತಾಳಮದ್ದಳೆ ನಡೆದರೂ ಭಟ್ರು ಮೊಬೈಲ್ ಹಿಡಿದು ಮುಂದಿನ ಸಾಲಿನಲ್ಲಿ ಇರುತ್ತಾರೆ. ಬೆಳಗ್ಗೆ ಮನೆಗೆ ಬಂದು ಎಲ್ಲವನ್ನೂ ಡಿಗೆ ಸುರಿಯುತ್ತಾರೆ. ಜೊತೆಗೆ ಮಗಳ ಮದುವೆ ವೀಡಿಯೋ, ಆಧಾರ್ ಸ್ಕ್ಯಾನು, ವಾಟ್ಸಾಪಿನಲ್ಲಿ ಬಂದ ಶುಭೋದಯಗಳು.

"ಸಿಯಲ್ಲಿ ಅಷ್ಟು ಜಾಗ ಇರುವಾಗ ಡಿಗೆ ಯಾಕೆ ಹಾಕಿದ್ರಿ?" ಎಂದು ನಾನು ಕೇಳಿದೆ.

"ರಿಪೇರಿಯವನೇ ಹೇಳಿದ್ದು. ಸಿಯಲ್ಲಿ ಏನೂ ಇಡಬೇಡಿ, ವಿಂಡೋಸ್ ಕೆಟ್ಟರೆ ಸಿ ಹೋಗುತ್ತದೆ, ಡಿ ಉಳಿಯುತ್ತದೆ ಅಂತ."

ಈ ಮಾತನ್ನು ಕೇಳದೆ ಕಂಪ್ಯೂಟರ್ ಕೊಂಡವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಮಾತು ತಪ್ಪೂ ಅಲ್ಲ. ಬಿಡಿಭಾಗ ಜೋಡಿಸಿ ಕೊಡುತ್ತಿದ್ದ ಕಾಲದಲ್ಲಿ ರಿಪೇರಿಯವರೇ ಡಿಸ್ಕನ್ನು ಸಿ, ಡಿ, ಇ ಅಂತ ದೊಡ್ಡ ದೊಡ್ಡದಾಗಿ ಪಾಲು ಮಾಡುತ್ತಿದ್ದರು. ವಿಂಡೋಸ್ ಹೊಸದಾಗಿ ಹಾಕುವಾಗ ಸಿ ಮಾತ್ರ ಅಳಿಸುತ್ತಿತ್ತು. ಆಮೇಲೆ ಬಂದ ಹಲವು ಕಂಪನಿ ಲ್ಯಾಪ್‌ಟಾಪುಗಳಲ್ಲಿ ಜಾಗವೆಲ್ಲ ಸಿಗೇ ಹೋಯಿತು. ಡಿ ಅನ್ನುವುದು ಹತ್ತಿಪ್ಪತ್ತು ಜಿಬಿಯ ಸಣ್ಣ ಕೋಣೆ, ಅದರಲ್ಲಿ ಫ್ಯಾಕ್ಟರಿಯಿಂದಲೇ ತುಂಬಿ ಕಳಿಸಿದ ವಿಂಡೋಸಿನ ಪ್ರತಿ. ಡಿ ಬದಲಾಯಿತು, ಬುದ್ಧಿವಾದ ಬದಲಾಗಲಿಲ್ಲ.

ಅಷ್ಟರಲ್ಲಿ ಶೆಟ್ರ ಅಳಿಯ ಕೊಡೆ ಮಡಚುತ್ತಾ ಬಂದ. ಮಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ವಾರದ ಕೊನೆಗೆ ಊರು. ಪಾಪ, ರಜೆ ಅಂತ ಬಂದದ್ದು.

"ಏನನ್ನೂ ಡಿಲೀಟ್ ಮಾಡಿಲ್ಲ ತಾನೇ?" ಎಂಬುದೇ ಅವನ ಮೊದಲ ಪ್ರಶ್ನೆ.

"ಮಾಡಿದ್ದೇನೆ. ಆದರೂ ಕೆಂಪು ಹೋಗಲಿಲ್ಲ."

ಅಳಿಯ ರೀಸೈಕಲ್ ಬಿನ್ ತೆಗೆದ. ಡಿಲೀಟ್ ಆದ ತಾಳಮದ್ದಳೆಗಳೆಲ್ಲ ಅಲ್ಲಿ ಕೂತಿದ್ದವು. ಪ್ರತಿ ಡ್ರೈವಿಗೂ ಅದರದ್ದೇ ಕಸದ ಬುಟ್ಟಿ ಇರುತ್ತದೆ, ಬುಟ್ಟಿಯೂ ಅದೇ ಡ್ರೈವಿನ ಜಾಗ ತಿನ್ನುತ್ತದೆ, ಬುಟ್ಟಿ ಖಾಲಿ ಮಾಡದೆ ಜಾಗ ಸಿಗುವುದಿಲ್ಲ ಎಂದು ಅವನು ವಿವರಿಸಿದ. ಭಟ್ರು ಎರಡೂ ಕೈ ಅಡ್ಡ ಹಿಡಿದರು. ಅರ್ಥಧಾರಿಗಳು ಹೋಗುವುದು ಬೇಡ, ಕೆಂಪು ಮಾತ್ರ ಹೋಗಲಿ ಅಂತ.

ಮಾಷ್ಟ್ರಿಗೆ ಪಾಠ ಮಾಡದೆ ಇರಲು ಆಗುವುದಿಲ್ಲ. "ನೋಡಿ ಭಟ್ರೇ, ಇದು ಅಟ್ಟದ ಮೇಲೆ ಕಟ್ಟಿಟ್ಟ ಬಿತ್ತಿನ ಮುಡಿ. ಹಸಿವಾಯಿತು ಅಂತ ಬಿಚ್ಚಬಾರದು, ಜಾಗ ಉಂಟು ಅಂತ ಬೇರೆ ಅಕ್ಕಿ ತುರುಕಬಾರದು."

"ಗದ್ದೆ ಎಲ್ಲಿ ಉಂಟು ಮಾಷ್ಟ್ರೇ?" ಎಂದರು ರೈಗಳು. "ನಿಮ್ಮದೂ ಸೇರಿಸಿ ಎಲ್ಲ ಅಡಕೆ ತೋಟ ಆಯಿತಲ್ಲ."

ಮಾಷ್ಟ್ರು ವಿಷಯ ಬದಲಿಸಿದರು. "1956ರ ನವಂಬರ್ 1ಕ್ಕೆ ನಮ್ಮ ಕಾಸರಗೋಡಿನದ್ದೂ ಪಾರ್ಟಿಷನ್ ಆಯಿತು, ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಬಡಗಿನದ್ದು ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಬರೆದೂ ಆಯಿತು. ರಿಕವರಿ ಮಾತ್ರ ಇನ್ನೂ ಆಗಿಲ್ಲ."

ಈ ಮಾತು ಶುರುವಾದರೆ ಮಳೆ ನಿಂತರೂ ಮುಗಿಯುವುದಿಲ್ಲ ಎಂದು ಗೊತ್ತಿದ್ದ ಶೆಟ್ರು ಎಲ್ಲರಿಗೂ ಚಾ ತರಿಸಿದರು.

ಅಳಿಯ ಕೆಲಸ ಶುರು ಮಾಡಿದ. ಮೊದಲು ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದ, ಸಿಸ್ಟಮ್ ಫೈಲುಗಳನ್ನು ಅಡಗಿಸುವ ಟಿಕ್ಕನ್ನೂ ಆಪ್ಷನ್ಸಿನಲ್ಲಿ ತೆಗೆದ. ಅಲ್ಲಿಯವರೆಗೆ ಕಾಣದಿದ್ದ ಫೋಲ್ಡರುಗಳು ಮೇಲೆದ್ದವು. ರಿಕವರಿ, ಬೂಟ್, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್, ಹೀಗೆ. "ಇವು ಯಂತ್ರದ್ದು. ಗುರುತಿಲ್ಲದ್ದನ್ನು ಮುಟ್ಟಬೇಡಿ. ನೀವು ಹಾಕಿದ್ದು ಅಂತ ಖಾತ್ರಿ ಇದ್ದದ್ದನ್ನು ಮಾತ್ರ ಕಟ್ ಮಾಡಿ ಸಿಗೆ ಸಾಗಿಸುವ."

"ಕಂಪ್ಯೂಟರಿನದ್ದೇ ಹೆಸರಿನ ಫೋಲ್ಡರ್ ಒಂದು ಉಂಟಲ್ಲ, ಅದು ಯಾರದ್ದು?" ಎಂದೆ.

ಅಲ್ಲಿತ್ತು ಇನ್ನೊಬ್ಬ ಕಳ್ಳ. ವಿಂಡೋಸಿನ ಬ್ಯಾಕಪ್ಪಿಗೆ ಯಾರೋ ಒಮ್ಮೆ ಡಿಯನ್ನು ತೋರಿಸಿ ಬಿಟ್ಟಿದ್ದರು. ಅದು ಹೇಳಿದ ಮಾತು ಮೀರದೆ ಸಿಯಲ್ಲಿದ್ದದ್ದನ್ನು ಡಿಗೆ ಹೊರುತ್ತಲೇ ಇತ್ತು. ನನ್ನ ಪ್ರಕಾರ ಇದಕ್ಕಿಂತ ವ್ಯರ್ಥ ಕೆಲಸ ಇಲ್ಲ. ಸಿ, ಡಿ ಎರಡೂ ಒಂದೇ ಡಿಸ್ಕಿನ ಪಾಲು. ಡಿಸ್ಕ್ ಕೆಟ್ಟರೆ ಅಸಲೂ ಹೋಯಿತು, ನಕಲೂ ಹೋಯಿತು. ಅಳಿಯ ಬ್ಯಾಕಪ್ ನಿಲ್ಲಿಸಿದ. ಹಿಂದಿನ ಸ್ಥಿತಿಗೆ ಮರಳಲಿಕ್ಕೆ ಅಂತ ಪ್ರತಿ ಇಟ್ಟುಕೊಳ್ಳುವ ಸಿಸ್ಟಮ್ ಪ್ರೊಟೆಕ್ಷನನ್ನೂ ಡಿ ಮೇಲೆ ಆಫ್ ಮಾಡಿದ.

ಭಟ್ರು ಹಾಕಿದ್ದೆಲ್ಲ ಸಿಗೆ ಹೋದ ಮೇಲೆ ಪಟ್ಟಿ ನೀಲಿಗೆ ತಿರುಗಿತು. ಶೆಟ್ರು ಚಪ್ಪಾಳೆ ತಟ್ಟಿದರು.

"ಇಷ್ಟೆಲ್ಲ ಯಾಕೆ? ಡಿಯನ್ನೇ ಅಳಿಸಿ ಸಿಗೆ ಸೇರಿಸಿಬಿಡು," ಎಂದರು ರೈಗಳು.

"ಸುಲಭ ಇಲ್ಲ ಮಾವ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿಯ ಬಲಬದಿಗೆ ಅಂಟಿಕೊಂಡೇ ಖಾಲಿ ಜಾಗ ಇದ್ದರೆ ಮಾತ್ರ ಸಿಗೆ ಸೇರಿಸಬಹುದು. ನಡುವೆ ಇನ್ನೊಂದು ಪಾಲಿದ್ದರೆ ಆಗುವುದಿಲ್ಲ. ಎಂಬಿಆರ್ ಎಂಬ ಹಳೆ ಕ್ರಮದಲ್ಲಿ ಪಾಲು ಮಾಡಿದ ಡಿಸ್ಕಾದರೆ ಪ್ರೈಮರಿ, ಅಂದರೆ ಮುಖ್ಯ ಪಾಲು ನಾಲ್ಕಕ್ಕಿಂತ ಜಾಸ್ತಿ ಮಾಡುವ ಹಾಗೂ ಇಲ್ಲ."

"ನಾಲ್ಕೇ ಪಾಲಾ? ನಮ್ಮ ತರವಾಡಿಗೆ ಆ ಕಾನೂನು ಇದ್ದಿದ್ದರೆ ನಾನು ಕೋರ್ಟು ಹತ್ತಬೇಕಿರಲಿಲ್ಲ," ಎಂದು ರೈಗಳು ನಿಟ್ಟುಸಿರು ಬಿಟ್ಟರು.

ಅಳಿಯ ಇನ್ನೂ ಒಂದು ಸಂಗತಿ ಹೇಳಿದ. ಸಿ, ಡಿ ಅಂತ ಅಕ್ಷರ ಇಲ್ಲದೆ ಅಡಗಿರುವ ಇನ್ನೊಂದು ರಿಕವರಿ ಪಾರ್ಟಿಷನ್ ಉಂಟು, ಅದು ವಿಂಡೋಸಿನದ್ದೇ. ಹೆಚ್ಚಾಗಿ ಅರ್ಧ ಜಿಬಿ ಆಚೀಚೆ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಅಪ್‌ಡೇಟಿಗೆ ಅದರೊಳಗೆ 250 ಎಂಬಿ ಖಾಲಿ ಬೇಕಿತ್ತು. ಜಾಗ ಇಲ್ಲದ ಕಂಪ್ಯೂಟರುಗಳಲ್ಲಿ 80070643 ಅಂತ ಎರರ್ ಬಂತು.

"ಅದು ಯಾವ ಊರಿನ ಫೋನ್ ನಂಬ್ರ?" ಎಂದರು ಶೆಟ್ರು.

ಇನ್ನು ಉಳಿದದ್ದು ಪೆನ್‌ಡ್ರೈವ್. ವಿಂಡೋಸನ್ನು ಮತ್ತೆ ಹಾಕಲು ಬೇಕಾದದ್ದನ್ನು ಅದಕ್ಕೆ ತುಂಬಿಸಿ ರಿಕವರಿ ಡ್ರೈವ್ ಒಂದು ಮಾಡಿಟ್ಟರೆ ಡಿಸ್ಕೇ ಹೋದರೂ ಕೈಯಲ್ಲಿ ಏನಾದರೂ ಇರುತ್ತದೆ. ಕಡಿಮೆ ಅಂದರೆ 16 ಜಿಬಿ ಬೇಕು, 32 ಇದ್ದರೆ ನೆಮ್ಮದಿ. ರೈಗಳು ಉದಾರವಾಗಿ ಕಿಸೆಯಿಂದ ತಮ್ಮದನ್ನು ತೆಗೆದುಕೊಟ್ಟರು.

"ಇದರಲ್ಲಿ ಇರುವುದೆಲ್ಲ ಅಳಿಸಿ ಹೋಗುತ್ತದೆ," ಎಂದ ಅಳಿಯ.

ರೈಗಳು ಅಷ್ಟೇ ವೇಗವಾಗಿ ವಾಪಸ್ ಕಿಸೆಗೆ ಹಾಕಿದರು. ಕೊನೆಗೆ ಎದುರಿನ ಮೊಬೈಲ್ ಅಂಗಡಿಯಿಂದ ಹೊಸದು ಬಂತು, ಭಟ್ರ ಲೆಕ್ಕಕ್ಕೆ.

"ಈಗ ಡಿಯ ಅಕ್ಷರವನ್ನೇ ತೆಗೆದುಬಿಡುತ್ತೇನೆ," ಎಂದ ಅಳಿಯ. ಭಟ್ರು ಬೆಚ್ಚಿಬಿದ್ದರು. ಅಕ್ಷರ ಹೋದರೂ ಒಳಗಿನದ್ದು ಅಲುಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ ಎಂದು ಅವನು ಸಮಾಧಾನ ಮಾಡಿದ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಚೇಂಜ್ ಡ್ರೈವ್ ಲೆಟರ್, ರಿಮೂವ್. ಕೆಲವು ಕಂಪ್ಯೂಟರುಗಳಲ್ಲಿ ಆ ಮೆನು ಸಿಗುವುದಿಲ್ಲ, ಆಗ ಡಿಸ್ಕ್‌ಪಾರ್ಟ್ ಎಂಬ ಕಪ್ಪು ಪರದೆಗೆ ಹೋಗಬೇಕು. ಅಲ್ಲಿ ಕ್ಲೀನ್ ಅಂತ ಒಂದು ಕಮಾಂಡ್ ಉಂಟು. ಹೆಸರು ಚೆಂದ ಉಂಟು ಅಂತ ಒತ್ತಿದರೆ ಆರಿಸಿದ ಡಿಸ್ಕಿನ ಪಾಲುಗಳೆಲ್ಲ ಒಟ್ಟಿಗೇ ಮಾಯ. ನೋಡಿ ಕಲಿಯುವ ಆಸೆಯಿಂದ ಹತ್ತಿರ ಸರಿದಿದ್ದ ರೈಗಳನ್ನು ನಾವು ಹಿಂದಕ್ಕೆ ಎಳೆದೆವು.

"ಡಿ ಇಲ್ಲದಿದ್ದರೆ ನಾನು ಎಲ್ಲಿಗೆ ಹಾಕುವುದು?" ಭಟ್ರಿಗೆ ಅಳುವೇ ಬಂದಿತ್ತು.

"ಸಿಯಲ್ಲೇ ಇಡಿ. ಇನ್ನೊಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ. ಕಂಪ್ಯೂಟರಿಗೆ ಏನಾದರೂ ಆದರೂ ನಿಮ್ಮ ತಾಳಮದ್ದಳೆ ಉಳಿಯುತ್ತದೆ."

ಶೆಟ್ರು ಅಷ್ಟು ಹೊತ್ತು ಏನೋ ಯೋಚಿಸುತ್ತಿದ್ದರು. "ನಮ್ಮ ಮನೆಯದ್ದರಲ್ಲಿ ಇ ಅಂತ ಒಂದು ಉಂಟಲ್ಲ ಅಳಿಯ, ಅದೂ ಇಂಥದ್ದೇ ಏನು?"

"ಎಷ್ಟು ದೊಡ್ಡದು?"

"ನೂರು ಎಂಬಿ. ಸಿಸ್ಟಮ್ ರಿಸರ್ವ್ಡ್ ಅಂತ ಬರೆದಿದೆ."

ಅಳಿಯ ಚಾ ಗ್ಲಾಸು ಕೆಳಗಿಟ್ಟ. "ಅದು ಕಂಪ್ಯೂಟರ್ ಶುರುವಾಗುವುದಕ್ಕೇ ಬೇಕಾದದ್ದು ಮಾವ. ಮುಟ್ಟಲಿಲ್ಲ ತಾನೇ?"

"ಇಲ್ಲಪ್ಪ, ಮುಟ್ಟಲಿಲ್ಲ," ಎಂದರು ಶೆಟ್ರು. "ರಿಸರ್ವ್ ಅಂತ ಇತ್ತಲ್ಲ, ಅಂಗಡಿಯ ಸಾಲದ ಲೆಕ್ಕ ಮಾತ್ರ ಅದರಲ್ಲಿ ಇಟ್ಟಿದ್ದೇನೆ."