ಇಲಾಖೆಯ ತರಬೇತಿ ವಿಡಿಯೊ: ನಮ್ಮಲ್ಲಿ ಚೆನ್ನಾಗಿ ಓಡುತ್ತೆ, ಕಚೇರಿ ಕಂಪ್ಯೂಟರ್‌ನಲ್ಲಿ ಬರೀ ಸದ್ದು, ಪರದೆ ಕಪ್ಪು

ದೃಶ್ಯಪಾಠ

ಎಲ್ಲರಿಗೂ ನಮಸ್ಕಾರ. ಒಂದು ಸರ್ಕಾರಿ ಇಲಾಖೆಯ ಸಿಬ್ಬಂದಿಗೆ ತರಬೇತಿ ವಿಡಿಯೊಗಳನ್ನು ಮಾಡಿಕೊಡುತ್ತಿದ್ದೇವೆ. ಹೊಸ ಸಾಫ್ಟ್‌ವೇರ್‌ನಲ್ಲಿ ಅರ್ಜಿಯನ್ನು ಹೇಗೆ ಪರಿಶೀಲಿಸಬೇಕು, ದಾಖಲೆ ಕಮ್ಮಿ ಇದ್ದರೆ ಎಲ್ಲಿ ತಡೆಹಿಡಿಯಬೇಕು, ಯಾವಾಗ ಮೇಲಧಿಕಾರಿಗೆ ಕಳಿಸಬೇಕು, ಇಂಥ ಪಾಠಗಳು. ಅರ್ಧ ಭಾಗ ಕ್ಯಾಮೆರಾ ಮುಂದೆ ಮಾತು, ಉಳಿದದ್ದು ಸ್ಕ್ರೀನ್ ರೆಕಾರ್ಡಿಂಗ್.

ಫೈಲ್ ಕೊಟ್ಟ ಮೇಲೆ ಅಲ್ಲಿಂದ ದೂರು ಬರುತ್ತಿದೆ. ಕಚೇರಿ ಕಂಪ್ಯೂಟರ್‌ಗಳಲ್ಲಿ ಸದ್ದು ಕೇಳುತ್ತೆ, ಚಿತ್ರ ಬರಲ್ಲ. ಸಬ್‌ಟೈಟಲ್ ಏನೇನೋ ಚಿಹ್ನೆಯಾಗಿ ಕಾಣುತ್ತೆ. ಪೂರ್ತಿ ನೋಡಿದವರ ಹೆಸರಿನ ಮುಂದೆಯೂ ಎಲ್‌ಎಂಎಸ್‌ನಲ್ಲಿ (ಪಾಠ ತೋರಿಸಿ, ಯಾರು ಮುಗಿಸಿದರು ಅಂತ ದಾಖಲಿಸುವ ತರಬೇತಿ ತಾಣ) 'ಅಪೂರ್ಣ' ಅಂತಲೇ ಇರುತ್ತೆ. ಇವು ಸಾಲದು ಅಂತ, ಸ್ಕ್ರೀನ್ ರೆಕಾರ್ಡಿಂಗ್ ಭಾಗದಲ್ಲಿ ಮಾತು ಮತ್ತು ಚಿತ್ರ ಹೋಗ್ತಾ ಹೋಗ್ತಾ ಬೇರೆಯಾಗುತ್ತವೆ. ಇದು ಮಾತ್ರ ನಮ್ಮ ಯಂತ್ರದಲ್ಲೂ ಹಾಗೇ ಇದೆ.

ತರಬೇತಿ ಶುರುವಾಗುವ ದಿನ ಹತ್ತಿರ ಬಂದಿದೆ. ಎಲ್ಲಿಂದ ಹುಡುಕಲಿ?

ಕತ್ತರಿಕೆಲಸ

ಮೇಡಂ, ಇವು ನಾಲ್ಕು ಬೇರೆ ಬೇರೆ ತೊಂದರೆಗಳು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ ಇನ್ನೊಂದು ಎಕ್ಸ್‌ಪೋರ್ಟ್ ಹೊಡೆಯಬೇಡಿ. ಯಾವುದರಿಂದ ಯಾವುದು ಸರಿಯಾಯಿತು ಅಂತ ಗೊತ್ತೇ ಆಗಲ್ಲ.

ಮೊದಲು ಕೊಟ್ಟ ಫೈಲನ್ನೂ ಸ್ಕ್ರೀನ್ ರೆಕಾರ್ಡಿಂಗ್‌ನ ಮೂಲ ಫೈಲನ್ನೂ ಮೀಡಿಯಾಇನ್ಫೋದಲ್ಲಿ (ಫೈಲಿನ ತಾಂತ್ರಿಕ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದು ನೋಡಿ. ಕೋಡೆಕ್ (ವಿಡಿಯೊವನ್ನು ಕುಗ್ಗಿಸಿದ ಬಗೆ) ಯಾವುದು, ಬಿಟ್ ಡೆಪ್ತ್ (ಬಣ್ಣದ ಸೂಕ್ಷ್ಮತೆ) ಎಷ್ಟು, ಕ್ರೋಮಾ (ಬಣ್ಣದ ವಿವರ ಎಷ್ಟು ಉಳಿಸಿದೆ ಅನ್ನೋದು) ಎಷ್ಟು, ಫ್ರೇಮ್ ರೇಟ್ ಮೋಡ್ ಕಾನ್‌ಸ್ಟಂಟಾ ವೇರಿಯಬಲ್ಲಾ, ಅಂದರೆ ಸೆಕೆಂಡಿಗೆ ಇಷ್ಟೇ ಚಿತ್ರ ಅಂತ ಸ್ಥಿರವಾ ಬದಲಾಗುತ್ತಾ, ಇಷ್ಟು ಬರೆಯಿರಿ.

'ವಿಡಿಯೊ ಸರಿಯಿಲ್ಲ' ಅನ್ನೋ ಮಾತಿನ ಮೇಲೆ ಕೆಲಸ ಮಾಡೋಕೆ ಆಗಲ್ಲ. ಅಲ್ಲಿನ ಒಬ್ಬರಿಗೆ ಹೇಳಿ ಪರದೆಯ ಫೋಟೊ ತರಿಸಿಕೊಳ್ಳಿ. ಯಾವ ಬ್ರೌಸರ್, ಯಾವ ವಿಂಡೋಸ್ ಅನ್ನೋದನ್ನೂ ಕೇಳಿ.

ಮಾತು ಬೇರೆಯಾಗುವುದರ ಬಗ್ಗೆ ಒಂದು ಪ್ರಶ್ನೆ. ಮೊದಲ ಸೆಕೆಂಡಿನಿಂದಲೇ ವ್ಯತ್ಯಾಸ ಇದೆಯಾ, ಇಲ್ಲಾ ಬೆಳೆಯುತ್ತಾ ಹೋಗುತ್ತದಾ?

ದೃಶ್ಯಪಾಠ

ನೋಡಿದೆ ಸರ್. ಕೊಟ್ಟ ಫೈಲ್ ಎಂಪಿ4, ಎಚ್.264. ಬಿಟ್ ಡೆಪ್ತ್ 10, ಕ್ರೋಮಾ 4:2:2. ಕ್ಯಾಮೆರಾದಲ್ಲಿ ಹಾಗೇ ಶೂಟ್ ಆಗಿತ್ತು, ಎಕ್ಸ್‌ಪೋರ್ಟ್‌ನಲ್ಲೂ ಅದನ್ನೇ ಉಳಿಸಿಕೊಂಡೆವು. ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಫ್ರೇಮ್ ರೇಟ್ ಮೋಡ್ ವೇರಿಯಬಲ್ ಅಂತ ಇದೆ.

ಶುರುವಿನಲ್ಲಿ ಮಾತು ಸರಿಯಾಗಿದೆ. ಹತ್ತು ನಿಮಿಷದ ಹೊತ್ತಿಗೆ ಸುಮಾರು ಅರ್ಧ ಸೆಕೆಂಡು ವ್ಯತ್ಯಾಸ. ಕಚೇರಿಯಲ್ಲಿ ನೋಡುವುದು ಬ್ರೌಸರ್‌ನಲ್ಲೇ, ಎಲ್‌ಎಂಎಸ್ ಒಳಗೆ.

ಕತ್ತರಿಕೆಲಸ

ಕಪ್ಪು ಪರದೆಯ ಕಾರಣ ಸಿಕ್ಕಿತು. ಎಚ್.264 ಅಂದ ತಕ್ಷಣ ಎಲ್ಲ ಕಡೆ ಓಡುತ್ತೆ ಅಂತಲ್ಲ. ಬ್ರೌಸರ್‌ಗಳಲ್ಲಿ ನೆಚ್ಚಿಕೊಳ್ಳಬಹುದಾದದ್ದು 8 ಬಿಟ್, 4:2:0 ಮಾತ್ರ. ನಿಮ್ಮ ಯಂತ್ರದಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ ಅದು ತನ್ನದೇ ಡಿಕೋಡರ್ (ಕುಗ್ಗಿಸಿದ ವಿಡಿಯೊವನ್ನು ಬಿಚ್ಚುವ ಭಾಗ) ಇಟ್ಟುಕೊಂಡು ಬಹುತೇಕ ಏನು ಕೊಟ್ಟರೂ ಓಡಿಸುತ್ತೆ. ಅದಕ್ಕೇ ನಿಮಗೆ ಗೊತ್ತಾಗಲಿಲ್ಲ. ಸದ್ದು ಎಎಸಿ ಅನ್ನೋ ಸಾಮಾನ್ಯ ಬಗೆಯದ್ದಿರಬೇಕು, ಹಾಗಾಗಿ ಬ್ರೌಸರ್‌ಗೆ ಅದು ಅರ್ಥವಾಗುತ್ತೆ, ಚಿತ್ರ ಅರ್ಥವಾಗಲ್ಲ.

ಹೀಗೆ ಎಕ್ಸ್‌ಪೋರ್ಟ್ ಮಾಡಿ: ಎಚ್.264, ಹೈ ಪ್ರೊಫೈಲ್, ಲೆವೆಲ್ 4.0, 1080 ಪ್ರೋಗ್ರೆಸಿವ್, 25 ಅಥವಾ 30 ಫ್ರೇಮ್, 8 ಬಿಟ್, 4:2:0. ಸದ್ದು ಎಎಸಿ, 48 ಕಿಲೋಹರ್ಟ್ಸ್. ಕೀಫ್ರೇಮ್ (ಪೂರ್ತಿ ಚಿತ್ರ ಇರುವ ಫ್ರೇಮ್) ಎರಡು ಸೆಕೆಂಡಿಗೊಂದು ಇರಲಿ. ಕಲಿಯುವವರು ಹಿಂದೆ ಹೋಗಿ ಮತ್ತೆ ನೋಡುವುದು ಜಾಸ್ತಿ, ಕೀಫ್ರೇಮ್ ದೂರ ದೂರ ಇದ್ದರೆ ಎಳೆದ ಜಾಗಕ್ಕೆ ಹೋಗೋಕೆ ತಡವಾಗುತ್ತೆ.

ಫೈಲ್ ಚಿಕ್ಕದಾಗುತ್ತೆ ಅಂತ ಎಚ್‌ಇವಿಸಿ (ಎಚ್.264ರ ನಂತರ ಬಂದ ಕೋಡೆಕ್) ಆರಿಸಬೇಡಿ. ಅದನ್ನು ಓಡಿಸೋಕೆ ಬೇಕಾದ ಎಕ್ಸ್‌ಟೆನ್ಶನ್ ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಇರುವುದಿಲ್ಲ. ಕಚೇರಿಯ ಸಿಬ್ಬಂದಿಗೆ ಹೊಸದೇನನ್ನೂ ಇನ್‌ಸ್ಟಾಲ್ ಮಾಡುವ ಅಧಿಕಾರ ಸಾಮಾನ್ಯವಾಗಿ ಇರಲ್ಲ.

ಇನ್ನೊಂದು ಗುರುತು ಹಾಕಲೇಬೇಕು. ಹ್ಯಾಂಡ್‌ಬ್ರೇಕ್‌ನಲ್ಲಿ (ವಿಡಿಯೊವನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಯಿಸುವ ಸಾಫ್ಟ್‌ವೇರ್) ಅದು 'ವೆಬ್ ಆಪ್ಟಿಮೈಸ್ಡ್', ಬೇರೆ ಕಡೆ 'ಫಾಸ್ಟ್ ಸ್ಟಾರ್ಟ್' ಅಂತ ಇರುತ್ತೆ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಪಟ್ಟಿ ಹೆಚ್ಚಾಗಿ ಕೊನೆಯಲ್ಲಿ ಬರೆದಿರುತ್ತೆ, ಪುಸ್ತಕದ ಪರಿವಿಡಿ ಕೊನೆಯ ಪುಟದಲ್ಲಿ ಇದ್ದ ಹಾಗೆ. ನಿಧಾನದ ನೆಟ್‌ನಲ್ಲಿ ಬ್ರೌಸರ್ ಆ ಪಟ್ಟಿಗಾಗಿ ಕಾಯುತ್ತಾ ಕೂರುತ್ತೆ. ಈ ಗುರುತು ಹಾಕಿದರೆ ಪಟ್ಟಿ ಮೊದಲಿಗೆ ಬರುತ್ತೆ, ವಿಡಿಯೊ ಬೇಗ ಶುರುವಾಗುತ್ತೆ.

10 ಬಿಟ್ ಫೈಲನ್ನು ಅಳಿಸಬೇಡಿ. ಅದೇ ನಿಮ್ಮ ಮಾಸ್ಟರ್, ಅಂದರೆ ಮೂಲ ಪ್ರತಿ.

ಈಗ ಮಾತಿನ ವಿಷಯ. ಹತ್ತು ನಿಮಿಷಕ್ಕೆ ಅರ್ಧ ಸೆಕೆಂಡು ಅಂದಾಗ 29.97 ಮತ್ತು 30ರ ಅದಲುಬದಲು ಇರಬಹುದು ಅನ್ನಿಸುತ್ತೆ, ಯಾಕಂದ್ರೆ ಅದರಲ್ಲಿ ಹತ್ತು ನಿಮಿಷಕ್ಕೆ 0.6 ಸೆಕೆಂಡು ವ್ಯತ್ಯಾಸ ಬರುತ್ತೆ. ಆದರೆ ಅದು ಒಂದೇ ಸಮನೆ ಬೆಳೆಯುತ್ತೆ. ವೇರಿಯಬಲ್ ಫ್ರೇಮ್ ರೇಟ್‌ನಿಂದ ಆದದ್ದು ಹಾಗಲ್ಲ, ಕೆಲವು ಕಡೆ ದಿಢೀರ್ ಅಂತ ಜಾರುತ್ತೆ. ಟೈಮ್‌ಲೈನ್‌ನಲ್ಲಿ ಮೌಸ್ ಕ್ಲಿಕ್ ಸದ್ದು ಸ್ಪಷ್ಟವಾಗಿ ಕೇಳುವ ಹಲವು ಜಾಗ ಹುಡುಕಿ. ಸದ್ದು ಬಂದ ಫ್ರೇಮಿಗೂ ಗುಂಡಿಯ ಬಣ್ಣ ಬದಲಾದ ಫ್ರೇಮಿಗೂ ನಡುವೆ ಎಷ್ಟು ಫ್ರೇಮ್ ಅಂತ ಎಣಿಸಿ.

ದೃಶ್ಯಪಾಠ

ಎಣಿಸಿದೆ. ಒಂದೇ ಸಮನೆ ಬೆಳೆದಿಲ್ಲ! ಮೊದಲ ಕ್ಲಿಕ್‌ಗಳಲ್ಲಿ ಎರಡೂ ಒಂದೇ ಫ್ರೇಮಿನಲ್ಲಿವೆ. ಒಂದು ಕಡೆ ಅರ್ಜಿಯ ನಮೂನೆಯನ್ನು ತೆರೆದಿಟ್ಟು, ಮೌಸ್ ಅಲ್ಲಾಡಿಸದೆ, ಪ್ರತಿ ಕಾಲಮ್ ಏನು ಅಂತ ವಿವರಿಸಿದ್ದೇವೆ. ಅದಾದ ಮೇಲಿನ ಕ್ಲಿಕ್‌ನಲ್ಲಿ ಒಮ್ಮೆಗೇ ಏಳು ಫ್ರೇಮ್ ವ್ಯತ್ಯಾಸ. ಆಮೇಲೆ ಸ್ವಲ್ಪ ಹೊತ್ತು ಅಷ್ಟೇ ಇರುತ್ತೆ. ಮತ್ತೆ ಪರದೆ ನಿಂತ ಕಡೆ ಜಾಸ್ತಿಯಾಗುತ್ತೆ.

ಕತ್ತರಿಕೆಲಸ

ಹಾಗಾದರೆ ವೇರಿಯಬಲ್ ಫ್ರೇಮ್ ರೇಟೇ. ಪರದೆಯಲ್ಲಿ ಏನೂ ಬದಲಾಗದೆ ಇದ್ದಾಗ ರೆಕಾರ್ಡರ್ ಹೊಸ ಫ್ರೇಮ್ ಬರೆಯುವುದನ್ನು ಕಮ್ಮಿ ಮಾಡುತ್ತೆ. ಸದ್ದು ಮಾತ್ರ ಗಡಿಯಾರದ ಪ್ರಕಾರ ಹೋಗ್ತಾ ಇರುತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರತಿ ಸೆಕೆಂಡಿಗೂ ಇಂತಿಷ್ಟೇ ಫ್ರೇಮ್ ಅಂತ ಲೆಕ್ಕ ಹಾಕಿ ಜೋಡಿಸಿದಾಗ ಎರಡಕ್ಕೂ ತಾಳ ತಪ್ಪುತ್ತೆ. ಫೋನಿನ ವಿಡಿಯೊ, ಆನ್‌ಲೈನ್ ಮೀಟಿಂಗ್‌ನ ರೆಕಾರ್ಡಿಂಗ್, ಇವುಗಳಲ್ಲೂ ಇದೇ ತೊಂದರೆ.

ಮತ್ತೆ ರೆಕಾರ್ಡ್ ಮಾಡುವುದು ಬೇಡ. ಮೂಲ ಫೈಲನ್ನು ಹ್ಯಾಂಡ್‌ಬ್ರೇಕ್‌ಗೆ ಹಾಕಿ. ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್ ರೇಟನ್ನು ನಿಮ್ಮ ಟೈಮ್‌ಲೈನ್‌ನಷ್ಟೇ ಇಟ್ಟು 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ. ಕ್ವಾಲಿಟಿ ಮೇಲಕ್ಕೇ ಇರಲಿ, ಇದು ಎಡಿಟಿಂಗ್‌ಗೆ ಹೋಗುವ ಫೈಲ್. ಹೊಸ ಫೈಲನ್ನು ಹಳೆಯದರ ಜಾಗಕ್ಕೆ ಹಾಕಿದ ಮೇಲೆ ಅದೇ ಕ್ಲಿಕ್‌ಗಳನ್ನು ಮತ್ತೆ ನೋಡಿ. ಮಧ್ಯೆ ಕತ್ತರಿಸಿರುವ ಕಡೆ ಒಂದೆರಡು ಫ್ರೇಮ್ ಸರಿಸಬೇಕಾಗಬಹುದು. ಮುಂದಿನ ಪಾಠಗಳನ್ನು ಓಬಿಎಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದರೆ ಮೊದಲೇ ಕಾನ್‌ಸ್ಟಂಟ್ ಆಗಿ ಬರುತ್ತೆ.

ಅಕ್ಷರಮಿತ್ರ

ಸಬ್‌ಟೈಟಲ್ ಬಗ್ಗೆ ನಾನು ಹೇಳ್ತೀನಿ. ಕೆಟ್ಟದಾಗಿ ಕಾಣುವುದರಲ್ಲೂ ಬಗೆಗಳಿವೆ, ಬಗೆ ನೋಡಿದರೆ ಕಾರಣ ಗೊತ್ತಾಗುತ್ತೆ.

ಬರೀ ಪ್ರಶ್ನೆ ಚಿಹ್ನೆ ಸಾಲಾಗಿ ಬಂದರೆ ಫೈಲನ್ನು ಎಎನ್‌ಎಸ್‌ಐ (ಕನ್ನಡಕ್ಕೆ ಜಾಗವಿಲ್ಲದ ಹಳೆಯ ಅಕ್ಷರ ಸಂಕೇತ) ಆಗಿ ಸೇವ್ ಮಾಡಿದ್ದಾರೆ, ಕನ್ನಡ ಅಲ್ಲೇ ಕಳೆದುಹೋಗಿದೆ. ಖಾಲಿ ಚೌಕಗಳು ಬಂದರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಸಿಗುತ್ತಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೆರೆ ಚುಕ್ಕೆ ಇರುವ ಯುರೋಪಿನ ಅಕ್ಷರಗಳು ಬಂದರೆ ಹೆಚ್ಚಾಗಿ ಪಠ್ಯ ಯುನಿಕೋಡ್ ಅಲ್ಲ, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆದದ್ದು. ನಿಮ್ಮದು ಯಾವುದು?

ದೃಶ್ಯಪಾಠ

ಮೂರನೆಯದು ಸರ್. ಇಲಾಖೆಯವರು ಒಪ್ಪಿಗೆ ಕೊಟ್ಟ ಸ್ಕ್ರಿಪ್ಟ್ ವರ್ಡ್ ಫೈಲಿನಲ್ಲಿ ಬಂದಿತ್ತು. ಅದರಿಂದಲೇ ಕಾಪಿ ಮಾಡಿದ್ದು. ವರ್ಡ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಅಕ್ಷರಮಿತ್ರ

ವರ್ಡ್‌ನಲ್ಲಿ ಆ ಫಾಂಟ್ ಇದ್ದದ್ದಕ್ಕೆ ಕನ್ನಡದ ಹಾಗೆ ಕಂಡಿತು. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಕನ್ವರ್ಟರ್‌ನಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ. ಆಮೇಲೆ ಒಬ್ಬರು ಕೂತು ಸಾಲು ಸಾಲಾಗಿ ಓದಲೇಬೇಕು. ಅರ್ಕಾವತ್ತು ಇರುವ ಪದಗಳನ್ನು ವಿಶೇಷವಾಗಿ ನೋಡಿ: ಅರ್ಜಿ, ವರ್ಗಾವಣೆ, ಕಾರ್ಯದರ್ಶಿ. ಕನ್ವರ್ಟರ್ ಎಡವುವುದು ಇಂಥ ಕಡೆ. ಸರ್ಕಾರಿ ಪಠ್ಯದಲ್ಲಿ ಇಂಥ ಪದಗಳೇ ತುಂಬಿರುತ್ತವೆ ಅಲ್ವಾ?

ಸೇವ್ ಮಾಡುವಾಗ ಯುಟಿಎಫ್-8 (ಯುನಿಕೋಡ್ ಪಠ್ಯ ಉಳಿಸುವ ಬಗೆ) ಆರಿಸಿ. ಸಬ್‌ಟೈಟಲ್‌ನ ಎಸ್‌ಆರ್‌ಟಿ ಫೈಲನ್ನು ಬ್ರೌಸರ್‌ಗೆ ಬೇಕಾದ ವಿಟಿಟಿ ಮಾಡುವಾಗ ಬರೀ ಹೆಸರು ಬದಲಾಯಿಸಿದರೆ ಸಾಲದು. ಎಸ್‌ಆರ್‌ಟಿಯಲ್ಲಿ ಸೆಕೆಂಡಿನ ನಂತರ ಅಲ್ಪವಿರಾಮ ಇರುತ್ತೆ, ವಿಟಿಟಿಯಲ್ಲಿ ಚುಕ್ಕೆ ಬೇಕು. ಮೊದಲ ಸಾಲಿನಲ್ಲಿ ವೆಬ್‌ವಿಟಿಟಿ (WEBVTT) ಅನ್ನೋ ಪದ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಇರಬೇಕು.

ಚಿತ್ರದ ಮೇಲೆ ಹಾಕಿದ ಶೀರ್ಷಿಕೆಗಳಲ್ಲಿ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿದ್ದರೆ ಅದು ಬೇರೆ ತೊಂದರೆ. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಆದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ, ಆಫ್ಟರ್ ಎಫೆಕ್ಟ್ಸ್ ಆದರೆ ಟೈಪ್ ವಿಭಾಗದಲ್ಲಿ, ಟೆಕ್ಸ್ಟ್ ಎಂಜಿನ್ ಆಯ್ಕೆ ಇದ್ದರೆ (ಹೊಸ ಆವೃತ್ತಿಗಳಲ್ಲಿ ಇರದೆಯೂ ಇರಬಹುದು) ಅದನ್ನು 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಮಾಡಿ.

ಸಬ್‌ಟೈಟಲ್ ಅನ್ನೋದು ಅಲಂಕಾರ ಅಲ್ಲ. ಕಿವಿ ಕೇಳಿಸದ ನೌಕರರಿಗೆ ಪಾಠವೇ ಅದು. ಡಬ್ಲ್ಯುಸಿಎಜಿ (ಅಂಗವಿಕಲರಿಗೂ ವೆಬ್ ಬಳಸೋಕೆ ಆಗಲಿ ಅಂತ ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ ರೆಕಾರ್ಡ್ ಮಾಡಿದ ವಿಡಿಯೊಗೆ ಕ್ಯಾಪ್ಷನ್ ಇರುವುದು ಎಲ್ಲಕ್ಕಿಂತ ಕೆಳಗಿನ, ಅಂದರೆ 'ಎ' ಮಟ್ಟದಲ್ಲೇ ಬೇಕಾದದ್ದು. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವೆ 4.5:1 ಕಾಂಟ್ರಾಸ್ಟ್ ಇರಬೇಕು ಅನ್ನೋದು 'ಎಎ' ಮಟ್ಟ. ಇಲಾಖೆಯವರು ಕೇಳದೆ ಇದ್ದರೂ ಇದನ್ನು ಮಾಡಿಕೊಡಿ.

ಕಣ್ಣು ಕಾಣದವರಿಗಾಗಿ ಮಾತನ್ನೂ ಒಮ್ಮೆ ನೋಡಿ. 'ಈಗ ಇಲ್ಲಿ ಒತ್ತಿ, ಆಮೇಲೆ ಇದನ್ನು ತೆಗೆಯಿರಿ' ಅಂದರೆ ಅವರಿಗೆ ಏನೂ ಸಿಗಲ್ಲ. 'ಬಲಗಡೆ ಮೇಲಿರುವ ಸಲ್ಲಿಸು ಗುಂಡಿ ಒತ್ತಿ' ಅಂದರೆ ಎಲ್ಲರಿಗೂ ಅನುಕೂಲ.

ತರಬೇತಿಮೇಷ್ಟ್ರು

'ಅಪೂರ್ಣ' ಅನ್ನೋದಕ್ಕೆ ನನ್ನ ಕಡೆಯಿಂದ. ನಿಮ್ಮ ಪ್ಯಾಕೇಜ್ ಸ್ಕಾರ್ಮ್ 1.2 (ಪಾಠ ಮತ್ತು ಎಲ್‌ಎಂಎಸ್ ಮಾತಾಡಿಕೊಳ್ಳುವ ಒಂದು ಮಾನದಂಡ) ಇರಬೇಕು. ಮುಗಿಯಿತು ಅನ್ನೋ ಸಂದೇಶವನ್ನು ಅದು ಕಿಟಕಿ ಮುಚ್ಚುವ ಹೊತ್ತಿನಲ್ಲಿ ಕಳಿಸುತ್ತಿದೆಯಾ ನೋಡಿ. ಹಳೆಯ ಪ್ಯಾಕೇಜ್‌ಗಳು ಹಾಗೇ ಮಾಡುತ್ತವೆ. ಪುಟ ಮುಚ್ಚುವಾಗ ಬ್ರೌಸರನ್ನು ಕಾಯಲು ಬಿಟ್ಟು ಸಂದೇಶ ಕಳಿಸುವ ಆ ವಿಧಾನವನ್ನು ಕ್ರೋಮ್ 2020ರಲ್ಲಿ, 80ನೇ ಆವೃತ್ತಿಯಿಂದ, ನಿಲ್ಲಿಸಿಬಿಟ್ಟಿತು. ನೋಡಿದವರು ಪೂರ್ತಿ ನೋಡಿ ಕಿಟಕಿ ಮುಚ್ಚುತ್ತಾರೆ, ಸಂದೇಶ ಹೋಗುವುದೇ ಇಲ್ಲ.

ವಿಡಿಯೊ ಕೊನೆ ಮುಟ್ಟಿದ ಕೂಡಲೇ, ಕಿಟಕಿ ತೆರೆದಿರುವಾಗಲೇ, ಸ್ಥಿತಿಯನ್ನು ಬರೆದು ಕಮಿಟ್ ಮಾಡುವ (ಎಲ್‌ಎಂಎಸ್‌ನಲ್ಲಿ ಉಳಿಸುವ) ಹಾಗೆ ಬದಲಾಯಿಸಿ. 'ಪಾಠ ಮುಗಿಸಿ' ಅಂತ ಒಂದು ಗುಂಡಿ ಇಟ್ಟರೆ ಇನ್ನೂ ಒಳ್ಳೆಯದು. ಕೊನೆಯಲ್ಲಿ ಪ್ರಶ್ನೆಗಳಿದ್ದರೆ ಇನ್ನೊಂದನ್ನು ಕೇಳಿಕೊಳ್ಳಿ. 1.2ರಲ್ಲಿ 'ಮುಗಿಸಿದರು' ಮತ್ತು 'ಪಾಸಾದರು' ಎರಡೂ ಒಂದೇ ಜಾಗದಲ್ಲಿ ಬರೆಯುವಂಥವು. ಇಲಾಖೆಯ ವರದಿ ಯಾವುದನ್ನು ಎಣಿಸುತ್ತದೆ ಅಂತ ಎಲ್‌ಎಂಎಸ್ ನೋಡಿಕೊಳ್ಳುವವರೇ ಹೇಳಬೇಕು.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ತೆರೆದಿಟ್ಟ ಆ ಅರ್ಜಿ ನಿಜವಾದ ಅರ್ಜಿದಾರರದ್ದಾ? ಹಾಗಿದ್ದರೆ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಎಲ್ಲರ ಕಣ್ಣಿಗೂ ಬೀಳುತ್ತೆ. ಇಲಾಖೆಯಿಂದ ಪರೀಕ್ಷಾ ಸರ್ವರ್ ಕೇಳಿ, ಸುಳ್ಳು ಹೆಸರುಗಳನ್ನು ತುಂಬಿ ಮತ್ತೆ ರೆಕಾರ್ಡ್ ಮಾಡಿ. ಅದಕ್ಕೆ ಸಮಯವೇ ಇಲ್ಲದಿದ್ದರೆ ಗಟ್ಟಿ ಬಣ್ಣದ ಪಟ್ಟಿಯಿಂದ ಮುಚ್ಚಿ. ಬ್ಲರ್ ಅಥವಾ ಮೊಸಾಯಿಕ್ ಹಾಕಿದ ಅಂಕಿಗಳನ್ನು ಎಷ್ಟೋ ಸಲ ಮತ್ತೆ ಓದಿಬಿಡಬಹುದು.

ದೃಶ್ಯಪಾಠ

ಅರ್ಜಿ ಪರೀಕ್ಷಾ ಸರ್ವರ್‌ನದ್ದೇ ಸರ್, ಹೆಸರುಗಳೆಲ್ಲ ನಾವೇ ತುಂಬಿದ್ದು.

8 ಬಿಟ್ ಫೈಲನ್ನು ಕಚೇರಿಯ ಒಬ್ಬ ಗುಮಾಸ್ತರು ತಮ್ಮ ಕಂಪ್ಯೂಟರ್‌ನಲ್ಲೇ ಓಡಿಸಿ ನೋಡಿದರು. ಚಿತ್ರ ಬಂತು. ಕ್ಲಿಕ್‌ಗಳೂ ಈಗ ಕೊನೆಯವರೆಗೆ ಸರಿಯಾಗಿವೆ. ಸಬ್‌ಟೈಟಲ್ ಓದುವ ಕೆಲಸ ನಡೆಯುತ್ತಿದೆ, 'ಕಾರ್ಯದರ್ಶಿ' ನೀವು ಹೇಳಿದ ಹಾಗೇ ಎಡವಿತ್ತು. 'ಪಾಠ ಮುಗಿಸಿ' ಗುಂಡಿ ಇಟ್ಟ ಮೇಲೆ ಪರೀಕ್ಷೆಗೆ ಮಾಡಿದ ಖಾತೆಯಲ್ಲಿ 'ಪೂರ್ಣ' ಅಂತ ಬಂತು.

ಕೊನೆಯದಾಗಿ ಒಂದು ಪ್ರಶ್ನೆ. ಒಪ್ಪಿಗೆಯಾದ ಪಾಠದಲ್ಲಿ ಶುಲ್ಕದ ಮೊತ್ತ ಬದಲಾಗುತ್ತೆ ಅಂತ ಈಗ ಹೇಳುತ್ತಿದ್ದಾರೆ. ಮಾತಿನಲ್ಲೇ ಹೇಳಿದ್ದೇವೆ. ಮುಂದಿನ ಪಾಠಗಳಲ್ಲಿ ಇಂಥದ್ದನ್ನು ಬರೀ ಪರದೆಯ ಮೇಲೆ ತೋರಿಸಿ, ಮಾತಿನಲ್ಲಿ ಬಿಟ್ಟುಬಿಡಲಾ?

ಕತ್ತರಿಕೆಲಸ

ಬಿಡಬೇಡಿ ಮೇಡಂ. ಅಕ್ಷರಮಿತ್ರ ಹೇಳಿದ ಕಾರಣಕ್ಕೇ. ಮಾತಿನಲ್ಲಿ ಇಲ್ಲದ್ದು ಕಣ್ಣು ಕಾಣದವರಿಗೆ ಇಲ್ಲವೇ ಇಲ್ಲ.

ಬದಲಾಗುವ ವಿಷಯಕ್ಕೆ ಒಂದು ಪೂರ್ತಿ ವಾಕ್ಯವನ್ನೇ ಬೇರೆಯಾಗಿ ಇಡಿ. 'ಈ ಅರ್ಜಿಗೆ ಶುಲ್ಕ ಇಷ್ಟು.' ಅದರ ಹಿಂದೆ ಮುಂದೆ ಒಂದು ಸೆಕೆಂಡು ಮೌನ ಇರಲಿ, ಹಿನ್ನೆಲೆ ಸಂಗೀತ ಬೇಡ. ದೊಡ್ಡ ವಾಕ್ಯದ ಹೊಟ್ಟೆಯೊಳಗೆ ಅಂಕಿ ಸೇರಿಸಿದರೆ ಇಡೀ ಪ್ಯಾರಾ ಮತ್ತೆ ಓದಿಸಬೇಕಾಗುತ್ತೆ. ಯಾವ ಮೈಕ್, ಬಾಯಿಂದ ಎಷ್ಟು ದೂರ, ಯಾವ ಕೋಣೆ ಅಂತ ಬರೆದಿಡಿ. ಆ ಕೋಣೆಯ ಖಾಲಿ ಸದ್ದನ್ನೂ ಅರ್ಧ ನಿಮಿಷ ರೆಕಾರ್ಡ್ ಮಾಡಿಡಿ, ಹೊಸ ವಾಕ್ಯ ಸೇರಿಸುವಾಗ ಅದೇ ಜೋಡಣೆ ಕಾಣದ ಹಾಗೆ ಮಾಡುತ್ತೆ.

ಮಾತು, ಸಂಗೀತ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಎಕ್ಸ್‌ಪೋರ್ಟ್ ಆಗಲಿ. ಅಕ್ಷರಗಳಿಲ್ಲದ ಒಂದು ಮಾಸ್ಟರ್ ಕೂಡ ಇರಲಿ. ಫೈಲಿನ ಹೆಸರಿನಲ್ಲೂ ವಿಡಿಯೊದ ಕೊನೆಯ ಫ್ರೇಮಿನಲ್ಲೂ ಆವೃತ್ತಿಯ ಸಂಖ್ಯೆ, ತಿಂಗಳು, ವರ್ಷ ಹಾಕಿ. ಹಳೆಯ ಶುಲ್ಕದ ಪಾಠ ಯಾವುದಾದರೂ ಕಚೇರಿಯ ಪೆನ್‌ಡ್ರೈವ್‌ನಲ್ಲಿ ಉಳಿದುಕೊಂಡಿದ್ದರೆ ಅಲ್ಲಿನವರಿಗೆ ತಕ್ಷಣ ಗೊತ್ತಾಗಬೇಕು.

ಈಗಿನ ಪಾಠಕ್ಕೆ ಆ ಪ್ಯಾರಾವನ್ನು ಮತ್ತೆ ಓದಿಸುವುದೇ ಸರಿ. ಓದಿಸುವ ಮೊದಲು ಹೊಸ ಮೊತ್ತವನ್ನು ಆದೇಶದ ಪ್ರತಿಯ ಜೊತೆ ಬರಹದಲ್ಲಿ ತರಿಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಬೇಡ. ಸಬ್‌ಟೈಟಲ್‌ನಲ್ಲೂ ಅದೇ ಅಂಕಿ ಬದಲಾಯಿಸಿ. ಅದು ಹೇಗೂ ಈಗ ನಿಮ್ಮ ಕೈಯಲ್ಲೇ ಇದೆ.