ಕಾರಿನ ಮೇಲೆ ಒಣಗಿದ ಬೋರ್ಡೋ ಹನಿಗಳನ್ನು ತೆಗೆಯುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮ್ಮ ಮನೆಯ ಅಂಗಳ ಅಡಿಕೆ ತೋಟಕ್ಕೆ ತಾಗಿಕೊಂಡಿದೆ. ಕೊಳೆರೋಗಕ್ಕೆಂದು ಗೊನೆಗಳಿಗೆ ಔಷಧಿ ಹೊಡೆಸಿದ ದಿನ ಗಾಳಿ ಅಂಗಳದ ಕಡೆಗೆ ತಿರುಗಿ, ಕಡುಗೆಂಪು ಬಣ್ಣದ ಕಾರಿನ ಬಾನೆಟ್ಟಿನ ಮೇಲೂ ಮುಂದಿನ ಗಾಜಿನ ಮೇಲೂ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಸಿಡಿಯಿತು. ಹತ್ತು ದಿನ ಮಳೆಯಲ್ಲಿ ನಿಂತರೂ, ಶಾಂಪೂ ಹಾಕಿ ಎರಡು ಸಲ ತೊಳೆದರೂ ತಿಳಿನೀಲಿ ಚುಕ್ಕೆಗಳು ಹೋಗಿಲ್ಲ. ಬಾಗಿಲಿಗೆ ಹಲಸಿನ ಮೇಣವೂ ಅಂಟಿದೆ. ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಲು ಧೈರ್ಯವಾಗುತ್ತಿಲ್ಲ. ಬಣ್ಣ ಕೆಡದಂತೆ ತೆಗೆಯುವ ಕ್ರಮವನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಸಾಗರದಿಂದ)

ನಾರು ಮುಟ್ಟಿಸದೆ ಇದ್ದದ್ದು ಒಳ್ಳೆಯದಾಯಿತು. ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಒಣಗುತ್ತ ಬಂದಂತೆ ಈ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗುವುದರಿಂದ ಶಾಂಪೂವಿಗೆ ಬಗ್ಗುವುದಿಲ್ಲ. ಅದನ್ನು ಕರಗಿಸಲು ಆಮ್ಲವೇ ಬೇಕು. ಅಡುಗೆಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಅದ್ದಿ, ಚುಕ್ಕೆಗಳ ಮೇಲೆ ಎರಡು ಮೂರು ನಿಮಿಷ ಹಾಸಿಡಿ. ಉಜ್ಜಬೇಡಿ, ಒರೆಸಿ ತೆಗೆಯಿರಿ. ಕಾರು ನೆರಳಿನಲ್ಲಿರಬೇಕು, ಬಾನೆಟ್ ತಣ್ಣಗಿರಬೇಕು, ವಿನೆಗರ್ ಅಲ್ಲೇ ಒಣಗಲು ಬಿಡಬಾರದು. ಕೂಡಲೇ ಧಾರಾಳವಾಗಿ ನೀರು ಹೊಯ್ಯಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ, ವಿನೆಗರಿನ ಪ್ರಮಾಣ ಹೆಚ್ಚಿಸಬೇಡಿ.

ಹಲಸಿನ ಮೇಣಕ್ಕೆ ನಮ್ಮ ಅಡುಗೆಮನೆಯ ಉಪಾಯವೇ ಸಾಕು. ಹಣ್ಣು ಕೊಯ್ಯುವಾಗ ಕೈಗೆ ಸವರಿಕೊಳ್ಳುವ ಕೊಬ್ಬರಿ ಎಣ್ಣೆಯನ್ನೇ ಹಚ್ಚಿ, ಮೇಣ ಮೆತ್ತಗಾದ ಮೇಲೆ ಒರೆಸಿ, ಜಿಡ್ಡು ಹೋಗುವಂತೆ ಶಾಂಪೂವಿನಿಂದ ತೊಳೆಯಿರಿ.

ಉತ್ತರ (ಹೊಸನಗರದಿಂದ)

ಮೇಲಿನ ಕ್ರಮ ಸರಿ. ಆದರೆ ದ್ರಾವಣಕ್ಕೆ ರಾಳ ಸೇರಿಸಿದ್ದರೇ ಎಂಬುದನ್ನು ಮೊದಲು ವಿಚಾರಿಸಿ. ಮಳೆಗೆ ತೊಳೆದು ಹೋಗದೆ ಗೊನೆಗೆ ಅಂಟಿಕೊಳ್ಳಲೆಂದು ನಮ್ಮ ಕಡೆ ಅದನ್ನು ಬೆರೆಸುವುದುಂಟು. ರಾಳದ ಪದರದ ಮೇಲೆ ವಿನೆಗರ್ ಕೆಲಸ ಮಾಡದು. ಬಟ್ಟೆಗೆ ಸ್ವಲ್ಪವೇ ಸೀಮೆಎಣ್ಣೆ ಹಾಕಿ ಒರೆಸಿ, ಶಾಂಪೂವಿನಿಂದ ತೊಳೆದು, ಆಮೇಲೆ ವಿನೆಗರ್ ಬಳಸಿ.

ಇನ್ನೊಂದು ಮಾತು. ಸುಣ್ಣ ಸಾಲದೆ ಬಂದಿದೆಯೇ ಎಂದು ನೋಡಲು ದ್ರಾವಣದಲ್ಲಿ ಚಾಕು ಅದ್ದುತ್ತೇವಲ್ಲ, ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ. ಅಷ್ಟರಮಟ್ಟಿಗೆ ಕಬ್ಬಿಣ ಸವೆದಿದೆ ಎಂದೇ ಅದರ ಅರ್ಥ. ಹಾಗಾಗಿ ಬಣ್ಣ ಎದ್ದು ತಗಡು ಕಾಣುವ ಜಾಗಗಳಿದ್ದರೆ ಮೊದಲು ಅವನ್ನೇ ತೊಳೆದು ಒಣಗಿಸಿ, ಟಚ್‌ಅಪ್ ಬಣ್ಣ ಹಚ್ಚಿ. ವಿನೆಗರ್ ಕೂಡ ಬರಿಯ ತಗಡಿಗೆ ತಾಗದಿರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಔಷಧಿ ಹೊಡೆದವರನ್ನು ಕೇಳಿದಾಗ ರಾಳ ಹಾಕಿದ್ದು ನಿಜವೆಂದು ತಿಳಿಯಿತು. ಸೀಮೆಎಣ್ಣೆಯ ನಂತರ ಎರಡು ಸಲ ವಿನೆಗರ್ ಬಟ್ಟೆ ಹಾಸಿದ ಮೇಲೆ ಗಾಜು ಪೂರ್ತಿ ತಿಳಿಯಾಯಿತು, ಮೇಣವೂ ಹೋಯಿತು. ಬಾನೆಟ್ಟಿನ ನಾಲ್ಕೈದು ಕಡೆ ಚುಕ್ಕೆ ಹೋದರೂ ಹೊಳಪು ಮಂಕಾಗಿದೆ. ಅದಕ್ಕೆ ಪಾಲಿಶ್ ಮಾಡಿಸಬೇಕೇ?

ಉತ್ತರ (ಸಾಗರದಿಂದ)

ಹೌದು, ಅಲ್ಲಿ ಸುಣ್ಣದ ಕ್ಷಾರ ಬಣ್ಣದ ಮೇಲ್ಪದರವನ್ನು ತಿಂದಿದೆ. ಅಷ್ಟು ಜಾಗಕ್ಕೆ ಮಾತ್ರ ನಯವಾದ ಪಾಲಿಶ್ ಹಾಕಿಸಿ, ಬಾನೆಟ್ಟಿಗೆಲ್ಲ ವ್ಯಾಕ್ಸ್ ಹಚ್ಚಿಸಿ. ಮುಂದಿನ ಸಿಂಪಡಣೆಯ ದಿನ ಕಾರನ್ನು ರಸ್ತೆಯ ಬದಿಗೆ ಒಯ್ದು ನಿಲ್ಲಿಸಿ.